‘ವೈಯಕ್ತಿಕ ಕಾರಣ’ಕ್ಕೆ ಸಹಿ ಹಾಕಲೊಪ್ಪದ ಸೂಲಗಿತ್ತಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹೆರಿಗೆ ಕೋಣೆಯ ಎತ್ತರದ ಕಿಟಕಿಯ ಗಾಜು ಈಗಷ್ಟೇ ಬೂದು ಬಣ್ಣಕ್ಕೆ ತಿರುಗುತ್ತಿದೆ. ಪತ್ರಿಕೆಗೆ ಬರೆಯಲು ಬಂದ ನನ್ನನ್ನು, ಬಸುರಿಯ ಒಪ್ಪಿಗೆ ಕೇಳಿ, ಪರದೆಯ ಈಚೆ ಒಂದು ಸ್ಟೂಲಿನ ಮೇಲೆ ಕೂರಿಸಿದ್ದಾರೆ. ನನಗೆ ಕಾಣುವುದು ಪರದೆಯ ಕೆಳಗಿನ ಕಾಲುಗಳು ಮಾತ್ರ. ಬಿಳಿ ಕ್ಯಾನ್ವಾಸ್ ಶೂ ತೊಟ್ಟ ಎರಡು ಕಾಲು ಮಂಚದ ತುದಿಯಲ್ಲಿ ಒಂದೇ ಸಮನೆ ಚಡಪಡಿಸುತ್ತಿವೆ. ಅವು ಎಳೆಯ ಸಿಸ್ಟರ್‌ನವು. ಅವಳು ಸ್ವತಂತ್ರವಾಗಿ ಮಾಡಿಸುತ್ತಿರುವ ನಾಲ್ಕನೇ ಹೆರಿಗೆ ಇದು. ಅವಳ ಹಿಂದೆ ಒಂದು ಮಾರು ದೂರದಲ್ಲಿ, ನೀಲಿ ರಬ್ಬರ್ ಚಪ್ಪಲಿಯ ಎರಡು ಕಾಲು ನೆಲಕ್ಕೆ ಬೇರು ಬಿಟ್ಟಂತೆ ನಿಂತಿವೆ. ನಾನು ಹುಡುಕಿಕೊಂಡು ಬಂದಿರುವುದು ಆ ನೀಲಿ ಚಪ್ಪಲಿಯ ಒಡತಿಯನ್ನು.

ಬಸುರಿ ತನ್ನ ಕೈಲಾಗದು ಎಂದು ಅಳುತ್ತಾಳೆ. ಒಂದು ಗಂಟೆಯಿಂದ ಅದನ್ನೇ ಹೇಳುತ್ತಿದ್ದಾಳೆ.

“ಆಗ್ತಾ ಇದೆಯಲ್ಲ ತಾಯಿ, ಇನ್ನೇನು ಆಗಬೇಕು?” ಎನ್ನುತ್ತದೆ ನೀಲಿ ಚಪ್ಪಲಿಯಾಕೆಯ ದನಿ. “ ತಲೆ ಕಾಣಿಸ್ತಿದೆ. ಈಗ ಮುಕ್ಕಬೇಡ. ದೀಪ ಆರಿಸೋ ಹಾಗೆ ಸಣ್ಣಗೆ ಊದು, ಅಷ್ಟೇ.” ಆಮೇಲೆ ಅದೇ ದನಿಯಲ್ಲಿ ಎಳೆಯ ಸಿಸ್ಟರ್‌ಗೆ: “ನಿನ್ನ ಕೈಗೆ ಅವಸರ ಇದೆ ಕಣೇ. ಮಗುವಿಗೆ ಇಲ್ಲ.”

ಚಡಪಡಿಸುತ್ತಿದ್ದ ಬಿಳಿ ಶೂಗಳು ನಿಲ್ಲುತ್ತವೆ. ಆರು ಗಂಟೆ ನಾಲ್ಕು ನಿಮಿಷಕ್ಕೆ ಅಳು ಕೇಳಿಸುತ್ತದೆ. ಹೆಣ್ಣು ಮಗು, ಎರಡು ಕಿಲೋ ಒಂಬೈನೂರು ಗ್ರಾಂ. ಮಾಸು ಬಿದ್ದು, ರಕ್ತಸ್ರಾವ ಹಿಡಿತದಲ್ಲಿದೆ ಎಂದು ಖಾತ್ರಿಯಾದ ಮೇಲೆ ನೀಲಿ ಚಪ್ಪಲಿಯಾಕೆ ಪರದೆ ಸರಿಸಿ ಹೊರಬಂದು, ಏನನ್ನೂ ಮುಟ್ಟದ ಕೈಗಳನ್ನು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಾರೆ. ಕೈ ಕಟ್ಟಿಕೊಂಡು ನಿಲ್ಲುವುದನ್ನು ಕಲಿಯುವುದಕ್ಕೇ ಹದಿನೈದು ವರ್ಷ ಬೇಕಾಯಿತಂತೆ. ಬೆವರೊರೆಸುತ್ತ ಬಂದ ಎಳೆಯ ಸಿಸ್ಟರ್‌ಗೆ ಕೋಣೆಗೆ ಹೋಗಿ ಏನಾದರೂ ತಿಂದು ಕಾಲು ಚಾಚಿಕೊಂಡು ಕೂರುವಂತೆ ಹೇಳುತ್ತಾರೆ. ಕೇಸ್ ಶೀಟ್ ಬರೆಯಬೇಕಲ್ಲ ಎಂದು ಅವಳು ತಡವರಿಸಿದರೆ, “ಬರೆಯೋದನ್ನ ಎದ್ದು ಬಂದಮೇಲೆ ಬರಿ. ಹೊತ್ತು ನಾನು ಗುರುತು ಹಾಕಿದ್ದೀನಿ, ಹೋಗು” ಎಂದು ಬೆನ್ನಿಗೊಂದು ತಟ್ಟು ತಟ್ಟುತ್ತಾರೆ.

ಈ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ಮುಖ್ಯ ಸೂಲಗಿತ್ತಿ ಈಕೆ. ವಯಸ್ಸು ಐವತ್ತನಾಲ್ಕು, ಸೇವೆ ಇಪ್ಪತ್ತೊಂಬತ್ತು ವರ್ಷ. ಎದೆಯ ಮೇಲಿನ ಬಿಲ್ಲೆಯಲ್ಲಿ ಇರುವ ಹುದ್ದೆಯ ಹೆಸರು ಎರಡು ಸಾಲಿನಷ್ಟು ಉದ್ದವಿದೆ. ಅದನ್ನು ಯಾರೂ ಓದುವುದಿಲ್ಲ. ಬಾಣಂತಿಯರು ಸಿಸ್ಟರ್ ಎನ್ನುತ್ತಾರೆ, ಕೈಕೆಳಗಿನವರು ಅಕ್ಕ ಎನ್ನುತ್ತಾರೆ. ಆಡಳಿತ ಕಚೇರಿಯ ಮಹಡಿಯಲ್ಲಿ ಮಾತ್ರ ಇವರಿಗೆ ‘ತಕರಾರಕ್ಕ’ ಎಂದು ಹೆಸರು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಈಗ ಎದುರಿಗೇ ಕರೆಯುತ್ತಾರೆ, ಇವರೂ ಓಗೊಡುತ್ತಾರೆ.

ಇವರ ತಾಯಿ ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಹೆರಿಗೆ ವಾರ್ಡಿನ ಹಾಸುಬಟ್ಟೆಗಳನ್ನು ಕುದಿಯುವ ನೀರಿಗೆ ಹಾಕುವಾಗ, ಯಾವ ದಿನ ಹೆರಿಗೆ ಸಲೀಸಾಯಿತು, ಯಾವ ದಿನ ಆಗಲಿಲ್ಲ ಎನ್ನುವುದು ಆಕೆಗೆ ತಿಳಿದುಬಿಡುತ್ತಿತ್ತು. ಕಷ್ಟದ ದಿನ ಮನೆಗೆ ಬಂದು ಮಕ್ಕಳನ್ನು ಸುಮ್ಮನೆ ಹತ್ತಿರ ಕೂರಿಸಿಕೊಳ್ಳುತ್ತಿದ್ದರು. ಮಗಳು ತಾನು ಸೂಲಗಿತ್ತಿಯಾಗುತ್ತೇನೆ ಎಂದಾಗ ತಾಯಿ ಒಂದು ವಾರ ಮಾತು ಬಿಟ್ಟರು. ಎಂಟನೇ ದಿನ ತಾವೇ ಹೋಗಿ ಅರ್ಜಿ ತಂದುಕೊಟ್ಟರು.

ಕೆಲಸದ ಲೆಕ್ಕ ಕೇಳಿದರೆ ಅಕ್ಕ ನಗುತ್ತಾರೆ. ದಿನಕ್ಕೆ ಹನ್ನೊಂದೋ ಹನ್ನೆರಡೋ ಹೆರಿಗೆ. ಹುಣ್ಣಿಮೆಗೆ ಹೆಚ್ಚು ಎನ್ನುವುದು ಬರೀ ಕಟ್ಟುಕತೆಯಂತೆ. ರಜೆ ಹಾಕಿದವರು ಹೆಚ್ಚಿರುವ ದಿನ ಹೆರಿಗೆಯೂ ಹೆಚ್ಚು ಎನ್ನುವುದು ಅವರ ಶೋಧನೆ. ಅವರ ಮಗಳು ಹಟ ಹಿಡಿದು ಕೈಗೆ ಕಟ್ಟಿದ ಗಡಿಯಾರ ಒಂದು ಪಾಳಿಯಲ್ಲಿ ಹದಿನೇಳು ಸಾವಿರ ಹೆಜ್ಜೆ ತೋರಿಸಿತ್ತು. ಗಂಡ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡುವವರು. “ನಮ್ಮನೆಯವರ ಕೈಯಲ್ಲಿ ಒಂದು ಗ್ರಾಂ ಆಚೀಚೆ ಆಗಲ್ಲ. ನನ್ನ ಊಟದ ಹೊತ್ತು ಮದುವೆ ಆದಾಗಿಂದ ಒಂದು ದಿನ ಸರಿಹೋಗಿಲ್ಲ” ಎನ್ನುತ್ತಾರೆ.

ಮಗಳು ಓದು ಮುಗಿಸಿದ ವರ್ಷ ಇವರು ಆಸೆಪಟ್ಟು ನರ್ಸಿಂಗ್ ಕಾಲೇಜಿನ ಅರ್ಜಿ ತಂದಿದ್ದರು. ಮಗಳು ಅದನ್ನು ಮಡಿಸಿ ವಾಪಸು ಕೈಗಿಟ್ಟು, ಅಮ್ಮ, ನಮ್ಮ ಮನೆಗೆ ನೀನು ನೆಂಟರ ಥರ ಬಂದು ಹೋಗ್ತೀಯ, ನನಗೆ ಹಾಗಿರೋದು ಬೇಡ ಎಂದಳಂತೆ. ಈಗ ಅವಳು ಭೂಮಿ ಅಳತೆಯ ಇಲಾಖೆಯಲ್ಲಿದ್ದಾಳೆ. ಅವಳ ಮಾತಿನಲ್ಲಿ ತಪ್ಪು ಹುಡುಕಲು ಅಕ್ಕ ಎರಡು ವರ್ಷ ನೋಡಿದರು, ಸಿಗಲಿಲ್ಲ.

ಆದರೆ ಇವರನ್ನು ತಕರಾರಕ್ಕನನ್ನಾಗಿ ಮಾಡಿದ್ದು ಮಗಳಲ್ಲ, ವಾರ್ಡಿನವರು ಬುಗುರಿ ಎಂದು ಕರೆಯುತ್ತಿದ್ದ ಸಿಸ್ಟರ್.

ನಾಲ್ಕು ವರ್ಷದ ಹಿಂದಿನ ಮಾತು. ಇಪ್ಪತ್ನಾಲ್ಕು ಸೂಲಗಿತ್ತಿಯರು ಇರಬೇಕಾದ ವಾರ್ಡಿನಲ್ಲಿ ಆಗ ಹದಿಮೂರು ಜನ ಇದ್ದರು. ಬುಗುರಿಗೆ ಇಪ್ಪತ್ತಾರು ವರ್ಷ. ನಿಂತಲ್ಲಿ ನಿಲ್ಲದೆ ತಿರುಗುತ್ತಿದ್ದುದಕ್ಕೆ ಆ ಹೆಸರು. ಅಂಥ ಹದವಾದ ಕೈ ತಮ್ಮ ಸೇವೆಯಲ್ಲೇ ಮತ್ತೊಂದು ನೋಡಿಲ್ಲ ಎನ್ನುತ್ತಾರೆ ಅಕ್ಕ. ಒಂದು ಮಧ್ಯಾಹ್ನ ಬೇನೆ ತಿನ್ನುತ್ತಿದ್ದವರು ಐವರು, ನೋಡಿಕೊಳ್ಳಲು ಇದ್ದವರು ಅಕ್ಕ ಮತ್ತು ಬುಗುರಿ ಇಬ್ಬರೇ. ಬುಗುರಿ ಮೂವರ ನಡುವೆ ಓಡುತ್ತಿದ್ದಳು. ಒಂದು ಮಂಚದ ಮಗುವಿನ ಎದೆಬಡಿತ ಇಳಿಯತೊಡಗಿದ್ದು ಅವಳಿಗೆ ತಿಳಿದಾಗ ತಡವಾಗಿತ್ತು. ಡಾಕ್ಟರು ಓಡಿ ಬಂದರು. ಮಗು ಉಸಿರಾಡಲಿಲ್ಲ.

ಆಮೇಲೆ ವಿಚಾರಣೆ ನಡೆಯಿತು, ಯಾರ ತಪ್ಪೂ ಇಲ್ಲ ಎಂದು ಬರೆದರು. ಅಕ್ಕನ ಮನಸ್ಸಿನಲ್ಲಿ ಉಳಿದಿರುವುದು ಆ ವಿಚಾರಣೆಯಲ್ಲ, ಮಗು ತೀರಿಹೋದ ನಂತರದ ಇಪ್ಪತ್ತು ನಿಮಿಷ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟ ಬುಗುರಿ ಗೋಡೆಗೆ ಒರಗಿ ನಿಂತಿದ್ದಳು. ಪಕ್ಕದ ಮಂಚದವಳು ಕೂಗಿಕೊಂಡಳು. ಅಕ್ಕನ ಕೈಯಲ್ಲಿ ಇನ್ನೊಂದು ಹೆರಿಗೆ ಇತ್ತು, ಬೇರೆ ಯಾರೂ ಇರಲಿಲ್ಲ.

“ಹೋಗಮ್ಮ, ಆ ಕಡೆ ನೋಡು ಅಂತ ನಾನೇ ಕಳಿಸಿದೆ. ಅದೇ ಗೌನು, ಅದರ ಮೇಲೆ ಅದೇ ಕಲೆ. ಅವಳು ಹೋದಳು, ಹೆರಿಗೆ ಚೆನ್ನಾಗೇ ಮಾಡಿಸಿದಳು. ಮಗು ಅತ್ತಾಗ ಇವಳ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಅವತ್ತೇ ಹೋಗಿಬಿಟ್ಟಿದ್ದಳು ಅವಳು. ಕಾಗದ ಕೊಟ್ಟಿದ್ದು ಎರಡು ವಾರ ಆದಮೇಲೆ.”

ರಾಜೀನಾಮೆಗೆ ಆಸ್ಪತ್ರೆಯಲ್ಲಿ ಅಚ್ಚು ಹಾಕಿಸಿದ ನಮೂನೆ ಇದೆ. ಕಾರಣ ಎಂಬ ಪದದ ಮುಂದೆ ಒಂದೇ ಒಂದು ಗೆರೆ. ಬುಗುರಿ ಆ ಗೆರೆಯ ಮೇಲೆ ‘ವೈಯಕ್ತಿಕ ಕಾರಣ’ ಎಂದು ಬರೆದಿದ್ದಳು. ಎಲ್ಲರೂ ಬರೆಯುವುದು ಅದನ್ನೇ. ಕೆಳಗೆ ವಾರ್ಡಿನ ಮುಖ್ಯಸ್ಥೆ ‘ಪರಿಶೀಲಿಸಿದೆ’ ಎಂದು ಸಹಿ ಮಾಡಬೇಕು.

“ಮಾಡಿದೆ” ಎನ್ನುತ್ತಾರೆ ಅಕ್ಕ. “ಸುಳ್ಳು ಅಂತ ಗೊತ್ತಿದ್ದೂ ಮಾಡಿದೆ. ಅವಳ ಮನೆಯಲ್ಲಿ ಏನಾಗಿತ್ತು? ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಈ ಕೋಣೆಯಲ್ಲಿ.”

ಮೂರು ತಿಂಗಳಿಗೆ ಇನ್ನೊಬ್ಬರ ಕಾಗದ ಬಂತು. ಹನ್ನೊಂದು ವರ್ಷ ದುಡಿದ, ಮೆಲುಮಾತಿನ ಎತ್ತರದ ಸಿಸ್ಟರ್ ಅವರು. ಗೆರೆಯ ಮೇಲೆ ಅದೇ ಎರಡು ಪದ. ಅಕ್ಕ ಪೆನ್ನು ತೆಗೆದರು, ಮತ್ತೆ ಮುಚ್ಚಳ ಹಾಕಿದರು. ನಿಜ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ, ಇದಕ್ಕೆ ಹಾಕಲಾರೆ ಎಂದು ಹಿಂದಿರುಗಿಸಿದರು. ಗೆರೆ ಸಾಲದಲ್ಲ ಎಂದರು ಆ ಸಿಸ್ಟರ್. ಅಕ್ಕ ಮೇಜಿನ ಖಾನೆಯಿಂದ ಬಿಳಿ ಹಾಳೆಗಳನ್ನು ತೆಗೆದುಕೊಟ್ಟರು. ಮರುದಿನ ಎರಡೂವರೆ ಪುಟ ಬಂತು. ಒಂದೇ ವರ್ಷದಲ್ಲಿ ಮೂರು ಸಲ ಮೂತ್ರದ ಸೋಂಕು, ಏಕೆಂದರೆ ಹತ್ತು ಗಂಟೆಯ ಪಾಳಿಯಲ್ಲಿ ಶೌಚಕ್ಕೆ ಹೋಗಲು ಬಿಡುವಿಲ್ಲ. ನಾಳೆಯ ಪಾಳಿ ಇವತ್ತು ಸಂಜೆ ಫೋನಿನಲ್ಲಿ ಬದಲಾಗುತ್ತದೆ. ರೋಗಿಯ ಕಡೆಯವರು ತಳ್ಳಿದಾಗ ಕ್ಷಮೆ ಕೇಳುವಂತೆ ಹೇಳಿದ್ದು ತಳ್ಳಿಸಿಕೊಂಡ ಅವರಿಗೇ. ಎಲ್ಲ ತಾರೀಕಿನ ಸಮೇತ ಇತ್ತು. ಅಕ್ಕ ಸಹಿ ಹಾಕಿ ಮಹಡಿಗೆ ಕಳಿಸಿದರು.

ಕಾಗದ ಎರಡೇ ದಿನದಲ್ಲಿ ವಾಪಸು ಬಂತು. ಕ್ರಮ ಹೀಗಲ್ಲ, ಒಂದು ಸಾಲು ಸಾಕು ಎಂದು ಅದರ ಮೇಲೆ ಬರೆದಿತ್ತು. ಅಕ್ಕ ಮತ್ತೆ ಕಳಿಸಿದರು. ಅದು ಮತ್ತೆ ಇಳಿದು ಬಂತು. ನಾಲ್ಕನೆಯ ಸಲ ಇವರೇ ಮೆಟ್ಟಿಲು ಹತ್ತಿ ಆಡಳಿತಾಧಿಕಾರಿಯ ಮೇಜಿನ ಮೇಲಿಟ್ಟು ಬಂದರು.

ಆ ಭಾನುವಾರ ಮನೆಯಲ್ಲಿ ಕೂತು, ಹಿಂದಿನ ಮೂರು ವರ್ಷದಲ್ಲಿ ಕೆಲಸ ಬಿಟ್ಟುಹೋದವರ ಪಟ್ಟಿ ಮಾಡಿದರು. ಹದಿನಾಲ್ಕು ಹೆಸರು. ಒಬ್ಬೊಬ್ಬರಿಗೂ ಪತ್ರ ಬರೆದರು: ನೀವು ಬಿಟ್ಟಾಗ ನಾನು ನಿಜ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಗಂಡ ಲಕೋಟೆಗಳ ಮೇಲೆ ವಿಳಾಸ ಬರೆದುಕೊಟ್ಟರು. ಹನ್ನೊಂದು ಜನ ಉತ್ತರಿಸಿದರು.

ಆ ಪತ್ರಗಳಲ್ಲಿ ಕೆಲವನ್ನು, ಬರೆದವರ ಒಪ್ಪಿಗೆ ಪಡೆದು, ನನಗೂ ತೋರಿಸುತ್ತಾರೆ. ಒಬ್ಬಾಕೆ ಗರ್ಭಿಣಿಯಾಗಿದ್ದಾಗ ಸತತ ಎರಡೆರಡು ಪಾಳಿ ಮಾಡಿ, ಒಂಬತ್ತನೇ ದಿನ ತನ್ನ ಮಗುವನ್ನೇ ಕಳೆದುಕೊಂಡಿದ್ದಾಳೆ. ವಾರಕ್ಕೆ ಮತ್ತೆ ಹೆರಿಗೆ ಕೋಣೆಗೇ ಹಾಕಿದ್ದರು. ಇನ್ನೊಬ್ಬಾಕೆ ಬಸ್ಸಿನಲ್ಲಿ ಪಕ್ಕದವರ ಕೂಸು ಅತ್ತರೂ ಎದೆ ಹೊಡೆದುಕೊಳ್ಳುತ್ತಿತ್ತು, ಅದಕ್ಕೆ ಬಿಟ್ಟೆ ಎಂದು ಬರೆದಿದ್ದಾಳೆ. ಮತ್ತೊಬ್ಬಾಕೆಯದು ಎರಡೇ ಸಾಲು: ‘ಕೆಲಸ ಬೇಸರವಾಗಿ ಬಿಡಲಿಲ್ಲ. ಕೆಲಸವನ್ನು ಸರಿಯಾಗಿ ಮಾಡಲು ಬಿಡಲಿಲ್ಲ, ಅದಕ್ಕೆ ಬಿಟ್ಟೆ.’

ತಿಂಗಳ ಪರಿಶೀಲನಾ ಸಭೆಯಲ್ಲಿ ಅವತ್ತಿನ ವಿಷಯ ಸ್ವಚ್ಛತೆ. ತಮ್ಮ ಸರದಿ ಬಂದಾಗ ಅಕ್ಕ ಎದ್ದು ನಿಂತು, ಚೀಲದಿಂದ ಪತ್ರಗಳನ್ನು ತೆಗೆದು ಓದಲು ಶುರುಮಾಡಿದರು. ಎರಡನೆಯ ಪತ್ರಕ್ಕೇ ಆಡಳಿತಾಧಿಕಾರಿ ಕೂತುಕೊಳ್ಳಲು ಹೇಳಿದರು. ಇವರು ಕೂರಲಿಲ್ಲ. ಮತ್ತೆ ಹೇಳಿದರು. ಆಗ ಮೇಜಿನ ಇನ್ನೊಂದು ತುದಿಯಲ್ಲಿದ್ದ ಹಿರಿಯ ಹೆರಿಗೆ ವೈದ್ಯೆ ತಲೆ ಎತ್ತದೆ, ಓದಲಿ ಬಿಡಿ ಎಂದರು. ಹನ್ನೊಂದು ಪತ್ರ ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಎಲ್ಲರ ಮುಂದಿದ್ದ ಚಹಾ ಕೆನೆಗಟ್ಟಿತ್ತು.

“ಚಪ್ಪಲಿ ಕಳಚಿ, ಬರಿಗಾಲು ನೆಲಕ್ಕೆ ಒತ್ತಿ ನಿಂತಿದ್ದೆ, ನಿಜ ಹೇಳ್ತೀನಿ” ಎಂದು ನೆನೆಯುತ್ತಾರೆ. “ಮೇಜು ಅಡ್ಡ ಇತ್ತು, ಯಾರಿಗೂ ಕಾಣಿಸಲಿಲ್ಲ.”

ನಾಲ್ಕನೇ ದಿನಕ್ಕೆ ಅಶಿಸ್ತಿನ ನೋಟಿಸ್ ಬಂತು. ಅದರ ಹಿಂದೆಯೇ ವರ್ಗಾವಣೆ: ಹೆರಿಗೆ ವಾರ್ಡಿನಿಂದ ನೆಲಮಾಳಿಗೆಯ ಬಟ್ಟೆ ಉಗ್ರಾಣಕ್ಕೆ. ಇಪ್ಪತ್ತೈದು ವರ್ಷ ಹೆರಿಗೆ ಮಾಡಿಸಿದವರು ಹಾಸುಬಟ್ಟೆ, ದಿಂಬಿನ ಚೀಲ ಎಣಿಸುತ್ತ ಕೂತರು. ಕ್ಷಮಾಪಣೆ ಬರೆದುಕೊಟ್ಟರೆ ವಾಪಸು ಕರೆಸಿಕೊಳ್ಳುತ್ತೇವೆ ಎಂದು ಕಚೇರಿಯ ಗುಮಾಸ್ತರು ಎರಡು ಸಲ ಬಂದು ಕಿವಿಯಲ್ಲಿ ಹೇಳಿಹೋದರು. ಅಕ್ಕ ಬರೆದುಕೊಡಲಿಲ್ಲ. ಹರಿದ ಹಾಸುಬಟ್ಟೆಗಳನ್ನು ಬೇರೆ ಮಾಡಿ, ಅವುಗಳ ಲೆಕ್ಕ ತೆಗೆದು, ಅದರ ಮೇಲೂ ಒಂದು ತಕರಾರು ಅರ್ಜಿ ಮಹಡಿಗೆ ಕಳಿಸಿದರು. ಅದನ್ನು ಹೇಳುವಾಗ ಅವರ ಮುಖ ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿಯ ಹಾಗೆ ಅರಳುತ್ತದೆ. ಆದರೆ ಆ ದಿನಗಳಲ್ಲಿ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅಳುತ್ತಿದ್ದರು ಎಂದು ಹೇಳಿದ್ದು ಅವರ ಗಂಡ. ಬಿಟ್ಟುಬಿಡು ಎಂದು ತಾವೂ ಒಮ್ಮೆ ಹೇಳಿದ್ದರಂತೆ. ಬಿಟ್ಟರೆ ಕಾರಣ ಏನಂತ ಬರೆಯಲಿ ಎಂದು ಹೆಂಡತಿ ಕೇಳಿದ ಮೇಲೆ ಮತ್ತೆ ಆ ಮಾತೆತ್ತಲಿಲ್ಲ.

ವಾರ್ಡಿನಲ್ಲಿ ಆಗ ಉಳಿದಿದ್ದವರು ಹನ್ನೊಂದು ಜನ. ಅಕ್ಕ ಇಲ್ಲದ ಏಳನೆಯ ವಾರ, ಒಂದು ಸೋಮವಾರ ಬೆಳಿಗ್ಗೆ, ಅವರಲ್ಲಿ ಒಂಬತ್ತು ಮಂದಿ ಒಟ್ಟಿಗೆ ಮಹಡಿ ಹತ್ತಿ ಒಂಬತ್ತು ಕಾಗದ ಕೊಟ್ಟರು. ಕೆಲಸ ನಿಲ್ಲಿಸಲಿಲ್ಲ, ಘೋಷಣೆ ಕೂಗಲಿಲ್ಲ. ಒಂಬತ್ತೂ ಕಾಗದಗಳ ಮೊದಲ ಸಾಲು ಒಂದೇ: ‘ನಾನು ಇನ್ನೂ ರಾಜೀನಾಮೆ ಕೊಟ್ಟಿಲ್ಲ. ಕೊಟ್ಟರೆ ಕಾರಣಗಳು ಇವು.’ ಕೆಳಗೆ ಒಬ್ಬೊಬ್ಬರ ಕಾರಣ, ಅವರವರದೇ ಕೈಬರಹದಲ್ಲಿ. ಅಕ್ಕನಿಗೆ ಇದರ ಸುಳಿವೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿರಿಯ ವೈದ್ಯೆ ಹತ್ತನೆಯ ಕಾಗದ ಸೇರಿಸಿದರು. ಈ ಒಂಬತ್ತು ಜನ ಹೋದರೆ ಹೆರಿಗೆ ವಿಭಾಗಕ್ಕೆ ಬೀಗ ಹಾಕಬೇಕಾಗುತ್ತದೆ, ಬೀಗ ನಾನು ಹಾಕುವುದಿಲ್ಲ, ನೀವೇ ಬಂದು ಹಾಕಿ ಎಂದು ಅದರಲ್ಲಿತ್ತು.

ಗುರುವಾರ ಅಕ್ಕನನ್ನು ಮೇಲೆ ಕರೆಸಿದರು. ಮಾತುಕತೆ ಮೂರು ವಾರ ಎಳೆಯಿತು, ಕ್ಷಮಾಪಣೆ ಬರೆಯದೆಯೇ ಅಕ್ಕ ವಾರ್ಡಿಗೆ ಮರಳಿದರು. ಕೇಳಿದ್ದೆಲ್ಲ ಸಿಗಲಿಲ್ಲ, ವಾರ್ಡಿನ ಬಾಗಿಲಿಗೆ ಕಾವಲಿನವರು ಇವತ್ತಿಗೂ ಇಲ್ಲ. ಸಿಕ್ಕಿದ್ದನ್ನು ಅಕ್ಕ ಬೆರಳು ಮಡಿಸಿ ಹೇಳುತ್ತಾರೆ. ಪಾಳಿಯ ಪಟ್ಟಿ ನಾಲ್ಕು ವಾರ ಮೊದಲೇ ಗೋಡೆಗೆ ಬರಬೇಕು. ಬೇನೆ ಜೋರಾದವರು ಒಬ್ಬ ಸೂಲಗಿತ್ತಿಗೆ ಇಬ್ಬರಿಗಿಂತ ಹೆಚ್ಚಿರಬಾರದು, ಮೂರನೆಯವರು ಬಂದರೆ ಇನ್ನೊಬ್ಬರನ್ನು ಕರೆಸಲೇಬೇಕು. ಮುರಿದ ಮಂಚ ತುಂಬಿಟ್ಟಿದ್ದ ಕೋಣೆ ಖಾಲಿಯಾಗಿ ಅಲ್ಲೊಂದು ವಿಶ್ರಾಂತಿ ಕೋಣೆಯಾಯಿತು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು. ನಾಲ್ಕನೆಯ ಬೆರಳು ಮಡಿಸುವಾಗ ಅವರ ದನಿ ತಗ್ಗುತ್ತದೆ. ಹೆರಿಗೆಯಲ್ಲಿ ಮಗುವೋ ತಾಯಿಯೋ ತೀರಿಕೊಂಡರೆ, ಆ ಹೆರಿಗೆ ಮಾಡಿಸಿದಾಕೆ ಆ ಪಾಳಿಯಲ್ಲಿ ಮತ್ತೆ ಮಂಚದ ಬಳಿ ಹೋಗುವಂತಿಲ್ಲ. ಅವಳ ಜೊತೆಗೆ ಒಬ್ಬರು ಕೂತಿರಬೇಕು.

ಆಡಳಿತಾಧಿಕಾರಿಯನ್ನೂ ನಾನು ಭೇಟಿಯಾದೆ. ಆಕೆ ಒಳ್ಳೆಯ ಕೆಲಸಗಾರ್ತಿ, ಆದರೆ ಕ್ರಮ ಗೊತ್ತಿಲ್ಲ ಎಂದರು ಅವರು. ಅಕ್ಕನಿಗೆ ಅದನ್ನು ತಿಳಿಸಿದರೆ ಕೋಪವೇನೂ ಬರಲಿಲ್ಲ.

“ಕ್ರಮ ಚೆನ್ನಾಗೇ ಗೊತ್ತು. ಇಪ್ಪತ್ತೈದು ವರ್ಷ ಅದನ್ನೇ ಪಾಲಿಸಿದೀನಿ. ಪಾಲಿಸಿ ಎಷ್ಟು ಜನರನ್ನ ಕಳಕೊಂಡೆ ಅನ್ನೋದೂ ಗೊತ್ತು.”

ಈಗ ವಾರ್ಡಿನಲ್ಲಿ ಇಪ್ಪತ್ತು ಜನ ಇದ್ದಾರೆ. ಬಿಟ್ಟುಹೋಗಿದ್ದ ಹದಿನಾಲ್ವರಲ್ಲಿ ನಾಲ್ವರು ವಾಪಸು ಬಂದಿದ್ದಾರೆ, ಎತ್ತರದ ಸಿಸ್ಟರ್ ಅವರಲ್ಲಿ ಒಬ್ಬರು. ಕಳೆದ ಒಂದೂವರೆ ವರ್ಷದಲ್ಲಿ ಹೋದವರು ಒಬ್ಬರೇ, ಗಂಡನಿಗೆ ದೂರದ ಊರಿಗೆ ವರ್ಗವಾಯಿತೆಂದು. ಅವರಿಗೂ ಬಿಳಿ ಹಾಳೆ ಕೊಟ್ಟು, ಚೆನ್ನಾಗಿ ಯೋಚಿಸಿ ಬರೆಯಮ್ಮ ಎಂದರಂತೆ. ಯೋಚಿಸಿಯೂ ಅವರಿಗೆ ಬೇರೇನೂ ಹೊಳೆಯಲಿಲ್ಲ. ಇದೊಂದು ನಿಜವಾಗಿಯೂ ವೈಯಕ್ತಿಕ ಕಾರಣ ಎಂದು ಅಕ್ಕ ಸಂತೋಷವಾಗಿ ಸಹಿ ಹಾಕಿದರು.

ಬುಗುರಿ ಬಂದಿಲ್ಲ. ಅವಳೀಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಕ್ಕ ಮೂರು ಸಲ ಅವಳ ಮನೆಗೆ ಹೋದರು. ಮೂರನೆಯ ಸಲ ಅವಳು ಚಹಾ ಕೊಟ್ಟು, ನೀವು ಬಂದರೆ ಸಂತೋಷ ಅಕ್ಕ, ಆದರೆ ಕರೆಯುವುದಕ್ಕೆ ಬರಬೇಡಿ ಎಂದಳು. ಅಂದಿನಿಂದ ಅಕ್ಕ ಕರೆಯುವುದಿಲ್ಲ. ಸುಮ್ಮನೆ ಹೋಗಿ ಕೂತು, ಅವಳ ತಾಯಿಯ ಮಂಡಿನೋವಿನ ಸಮಾಚಾರ ಕೇಳಿಕೊಂಡು ಬರುತ್ತಾರೆ. ನಾನು ಬುಗುರಿಯನ್ನು ಫೋನಿನಲ್ಲಿ ಮಾತಾಡಿಸಿದೆ. ಆ ನಾಲ್ಕನೆಯ ನಿಯಮದ ವಿಷಯ ಅವಳಿಗೆ ಗೊತ್ತಿದೆ.

“ಅವತ್ತು ನನ್ನನ್ನ ಒಂದು ಹತ್ತು ನಿಮಿಷ ಎಲ್ಲಾದರೂ ಕೂರಿಸಿದ್ದಿದ್ರೆ ಇವತ್ತೂ ಅಲ್ಲೇ ಇರ್ತಿದ್ದೆನೋ ಏನೋ” ಎಂದಳು. “ಅಕ್ಕನ ಮೇಲೆ ನನಗೆ ಕೋಪ ಇಲ್ಲ. ಹಾಗಂತ ಹೇಳಿದ್ರೂ ಅವರು ನಂಬಲ್ಲ.”

ಹೌದು, ಅಕ್ಕ ನಂಬುವುದಿಲ್ಲ. ಅದನ್ನು ಅವರು ಒಪ್ಪಿಕೊಳ್ಳುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ಕಾರಿಡಾರಿನಲ್ಲಿ ಬಿಸಿಲು ಚೆಲ್ಲಿದೆ. ಬೆಂಚಿನ ಮೇಲೆ ಹೊಸದಾಗಿ ಬಂದ ಇಬ್ಬರು ಬಸುರಿಯರು, ಅವರ ಅತ್ತೆಯಂದಿರು, ಪ್ಲಾಸ್ಟಿಕ್ ಬುಟ್ಟಿಗಳು. ಗೋಡೆಯ ಪಾಳಿ ಪಟ್ಟಿಯ ಮುಂದೆ ನಿಂತು ಇಬ್ಬರು ಸಿಸ್ಟರ್‌ಗಳು ಮುಂದಿನ ತಿಂಗಳ ರಜೆ ಅದಲುಬದಲು ಮಾಡಿಕೊಳ್ಳುವ ಚೌಕಾಸಿಯಲ್ಲಿದ್ದಾರೆ. ಅಕ್ಕ ಅವರನ್ನು ದಾಟಿ ಹೋಗುವಾಗ ತಿದ್ದಿದ್ದಕ್ಕೆಲ್ಲ ಸಹಿ ಇರಲಿ ಎಂದಷ್ಟೇ ಹೇಳುತ್ತಾರೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಸನ್ಮಾನ, ಪ್ರಶಸ್ತಿ, ಹಾರ ಯಾವುದನ್ನಾದರೂ ನಿರೀಕ್ಷಿಸುತ್ತೀರಾ ಎಂದು ಕೇಳುತ್ತೇನೆ. ಹಾರ ಹಾಕಿದರೆ ಕುತ್ತಿಗೆ ತುರಿಸುತ್ತದೆ ಎನ್ನುತ್ತಾರೆ. ಹಾಗಾದರೆ ಬೇರೇನು ಆಸೆ?

ಅವರು ಹೊಸ ಗ್ಲೌಸಿನ ಪೊಟ್ಟಣ ಒಡೆಯುತ್ತಾರೆ.

“ನಾನು ಸೇರಿದಾಗ ಈ ವಾರ್ಡಿಗೆ ಹಾಕಿದ್ರೆ ಜನ ಶಿಫಾರಸು ಹಿಡಿದು ತಪ್ಪಿಸ್ಕೊಳ್ತಿದ್ರು. ನಾನು ಹೋಗೋ ದಿನ, ನನ್ನ ಜಾಗ ತನಗೇ ಬೇಕು ಅಂತ ಇಬ್ಬರಾದ್ರೂ ಜಗಳ ಆಡಬೇಕು. ಬಿಡಿಸೋಕೆ ನಾನು ಹೋಗಲ್ಲ. ನಿಂತ್ಕೊಂಡು ನೋಡ್ತೀನಿ.”